ಭಾವ ತೆಗೆದ ತೂತುಗಳು

"ಅತ್ತಿಗೆ, ಒಂಬತ್ತು ತೂತು! ನಾನೇ ಎಣಿಸಿದೀನಿ. ಒಂದೊಂದರಲ್ಲೂ ಮುಷ್ಟಿ ತೂರಿಸಬಹುದು!" ಎಂದು ನಾದಿನಿ ಫೋನಿನಲ್ಲಿ ಕೂಗಿದಾಗ ನಾನು ಲಾಡ್ಜಿನ ತಾರಸಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ. ತೂತುಗಳಿದ್ದದ್ದು ನಮ್ಮ ಮನೆಯ ಗೋಡೆಯಲ್ಲಿ. ತೆಗೆದವರು ನನ್ನ ಭಾವ, ನಮ್ಮವರ ಒಬ್ಬನೇ ಅಣ್ಣ. ಯಾಕಪ್ಪಾ ಹೀಗೆ ಮಾಡಿದ್ರಿ ಎಂದು ಕೇಳೋಣವೆಂದರೆ, ಅವರು ತೀರಿಕೊಂಡು ಎರಡು ವಾರವಾಗಿತ್ತು.

ನಮ್ಮವರು ಮೂವತ್ತಮೂರು ವರ್ಷ ಒಂದೇ ರೂಟಿನಲ್ಲಿ ಬಸ್ ಓಡಿಸಿದವರು. ನಿವೃತ್ತಿಯಾದ ಮರುದಿನವೇ, "ಇನ್ನು ಒಂದು ವರ್ಷ ಹೋದ ದಾರಿಯಲ್ಲಿ ವಾಪಸ್ ಬರೋದಿಲ್ಲ" ಎಂದು ಹಟ ಹಿಡಿದರು. ಮನೆ ಯಾರು ನೋಡಿಕೊಳ್ಳುವುದು? ಭಾವ ಮುಂದೆ ಬಂದರು. ಅವರು ಟೈಲರ್. ಕಣ್ಣು ಸೋತು ಅಂಗಡಿ ಮುಚ್ಚಿದ್ದರು, ಹೆಂಡತಿ ಮಕ್ಕಳಿರಲಿಲ್ಲ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ನಮ್ಮ ಮನೆಗೆ ಬಂದಿಳಿದು, "ಹೋಗ್ಬನ್ನಿ, ಮನೆ ಎಲ್ಲೂ ಓಡಿಹೋಗದ ಹಾಗೆ ನಾನು ಹಿಡ್ಕೊಂಡಿರ್ತೀನಿ" ಎಂದಿದ್ದರು.

ಏಳು ತಿಂಗಳು ಊರೂರು ಸುತ್ತಿದೆವು. ದಿನಾ ಬೆಳಿಗ್ಗೆ ಭಾವನ ಫೋನು. ಮನೆ ಹೇಗಿದೆ ಎಂದರೆ ಒಂದೇ ಉತ್ತರ, "ಇದ್ದಲ್ಲೇ ಇದೆ." ನಾವೊಂದು ದ್ವೀಪದಲ್ಲಿದ್ದಾಗ ಸುದ್ದಿ ಬಂತು. ತರಕಾರಿ ಕೊಳ್ಳುತ್ತಿದ್ದವರು ಮಾರ್ಕೆಟಿನಲ್ಲೇ ಕುಸಿದುಬಿದ್ದರಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತಂತೆ. ಸಮುದ್ರ ಕೆರಳಿ ನಾಲ್ಕು ದಿನ ದೋಣಿ ಬಿಡಲಿಲ್ಲ. ಇವರು ದಡದ ಮೇಲೆ ಅತ್ತಿಂದಿತ್ತ ನಡೆದು ನಡೆದು ಚಪ್ಪಲಿ ಸವೆಸಿದರೇ ಹೊರತು ಅಣ್ಣನ ಮುಖ ಕೊನೆಗೂ ನೋಡಲಾಗಲಿಲ್ಲ. ಮಣ್ಣು ಮಾಡಿದ್ದು ನಾದಿನಿ. ದೋಣಿ ಸಿಕ್ಕಿ ದಡ ಸೇರಿದ ಮೇಲೂ ಅಣ್ಣನಿಲ್ಲದ ಮನೆಗೆ ಹೋಗಲು ಇವರಿಗೆ ಮನಸ್ಸಾಗದೆ, ಒಂದು ಲಾಡ್ಜಿನಲ್ಲೇ ಉಳಿದುಬಿಟ್ಟಿದ್ದೆವು.

ಆ ನಾದಿನಿ ಈಗ ನಮ್ಮ ಮನೆ ಬೀಗ ತೆಗೆದು ನೋಡಿದ್ದಳು.

"ಗೋಡೆ ಮೇಲೆಲ್ಲ ನೀಲಿ ಬಣ್ಣದಲ್ಲಿ ಏನೇನೋ ಗೀಚಿದಾನೆ ಅತ್ತಿಗೆ. ಎದುರುಮನೆಯವರು ಕಿಟಕಿಯಿಂದ ನೋಡಿದಾರಂತೆ, ಬೆಳಗಾಗೆದ್ದು ಗೋಡೆಗೆ ಕಿವಿ ಇಟ್ಕೊಂಡು ನಿಂತಿರ್ತಿದ್ದನಂತೆ. ಅಣ್ಣನಿಗೆ ತಲೆ ಕೆಟ್ಟಿತ್ತು. ನೀವಿಬ್ರೂ ಅವನನ್ನ ಒಂಟಿ ಬಿಟ್ಟು ಮೆರೆಯೋಕೆ ಹೋದ್ರಿ."

ಅವಳ ಧ್ವನಿ ಎಷ್ಟು ದೊಡ್ಡದೆಂದರೆ ಪಕ್ಕದಲ್ಲಿದ್ದ ಇವರಿಗೂ ಪ್ರತಿ ಅಕ್ಷರ ಕೇಳಿಸಿತು. ಇವರು ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ಕೆಳಗಿಳಿದು ಹೋದರು. ನಾನು ಹಿಂದೆಯೇ ಓಡಿದೆ. ರೂಮಿನಲ್ಲಿ ಮಂಚದ ತುದಿಯಲ್ಲಿ ಕೂತಿದ್ದರು.

"ದಿನಾ ಮಾತಾಡ್ತಿದ್ದೆನಲ್ಲೇ. ನನಗೆ ಗೊತ್ತಾಗ್ಲಿಲ್ವಲ್ಲ."

"ನಾಳೆ ಬಸ್ಸಿಗೆ ಹೊರಡೋಣ ರೀ. ಹೋಗಿ ನೋಡೋಣ."

"ಯಾವ ಮುಖ ಇಟ್ಕೊಂಡು ಬರ್ಲಿ? ಅಣ್ಣಾ, ನೀನು ಗೋಡೆ ಜೊತೆ ಮಾತಾಡ್ತಿದ್ದಾಗ ನಾನು ಸಮುದ್ರದಲ್ಲಿ ಕಾಲು ನೆನೆಸ್ಕೊಂಡು ಕೂತಿದ್ದೆ ಅಂತ ಹೇಳ್ಲಾ? ಅವನಿಗೆ ಬುದ್ಧಿ ನೆಟ್ಟಗಿತ್ತು ಅಂತ ಗೊತ್ತಾಗೋವರೆಗೂ ನಾನು ಆ ಹೊಸ್ತಿಲು ದಾಟಲ್ಲ."

ಮೂರು ದಿನ ಇವರು ಸರಿಯಾಗಿ ಊಟ ಮಾಡಲಿಲ್ಲ. ಒಂದು ಹನಿ ಕಣ್ಣೀರೂ ಹಾಕಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಆದರೆ ನನ್ನ ತಲೆಯಲ್ಲಿ ಬೇರೆಯದೇ ಹುಳ ಕೊರೆಯುತ್ತಿತ್ತು. ಗೋಡೆಗೆ ಕಿವಿ ಇಟ್ಟರೆ ಹುಚ್ಚಂತೆ! ಹಾಗಾದರೆ ನಾನು ಮೂವತ್ತೊಂದು ವರ್ಷ ಹುಚ್ಚಿಯಾಗಿದ್ದೆನೇ? ನೀರು ಸರಬರಾಜು ಕಚೇರಿಯಲ್ಲಿ ನನ್ನ ಕೆಲಸವೇ ಅದು. ರಸ್ತೆಗೆ ಕಬ್ಬಿಣದ ಸಲಾಕೆ ಊರಿ, ಮೇಲಿನ ತುದಿಗೆ ಕಿವಿ ಕೊಟ್ಟು, ನೆಲದೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು. ಒಬ್ಬ ಮನುಷ್ಯ ಗೋಡೆಗೆ ಕಿವಿ ಇಟ್ಟನೆಂದರೆ ಒಳಗೆ ಏನೋ ಕೇಳಿಸಿರಬೇಕು. ಏನು ಕೇಳಿಸಿತು?

ತೂತು ಮುಚ್ಚಲು ನಾದಿನಿ ಒಬ್ಬ ಮೇಸ್ತ್ರಿಗೆ ಹೇಳಿದ್ದಳು. ಅವರ ನಂಬರು ಇಸಿದುಕೊಂಡು ಫೋನು ಮಾಡಿದೆ.

"ಮೇಸ್ತ್ರಿಗಳೇ, ಒಂದು ತೂತನ್ನೂ ಮುಟ್ಟಬೇಡಿ."

"ಇದೊಳ್ಳೆ ಕಥೆ ಆಯ್ತಲ್ಲಮ್ಮಾ! ಅವರು ಮುಚ್ಚು ಅಂತಾರೆ, ನೀವು ಕಾಪಾಡು ಅಂತೀರ."

"ವಿಡಿಯೋದಲ್ಲಿ ತೋರಿಸಿ, ಆಮೇಲೆ ಹೇಳ್ತೀನಿ."

ತೋರಿಸಿದರು. ಫೋನು ಹಿಡಿದ ಕೈ ಅಲುಗಾಡಿ ನನಗೆ ತಲೆಸುತ್ತು ಬಂದರೂ ಕಂಡಿದ್ದು ಇಷ್ಟು. ಹಾಲಿನ ಗೋಡೆಯ ಬುಡದಲ್ಲಿ, ಭಾವನ ಮಂಚದ ಹತ್ತಿರ, ತೇವ ಹಿಡಿದು ಒಣಗಿದ ಒಂದು ಕಲೆ. ಅದರಿಂದ ಸ್ವಲ್ಪ ಆಚೆ ಎರಡು ತೂತು, ಅಂಚು ಇಲಿ ಕಡಿದ ಹಾಗೆ. ಅಲ್ಲಿಂದ ಮುಂದಿನವು ಮೇಲೆ ಮೇಲೆ ಹೋಗಿದ್ದವು, ಹೋದಂತೆಲ್ಲ ಚೊಕ್ಕವಾಗಿದ್ದವು. ಪ್ರತಿಯೊಂದರ ಸುತ್ತ ನೀಲಿ ಗೆರೆ. ಒಳಗೊಂದು ಗೆರೆ, ಅದರಾಚೆ ಚುಕ್ಕಿಚುಕ್ಕಿ ಗೆರೆ, ಒಂದು ಬಾಣ, ಒಂದಿಷ್ಟು ಅಂಕಿ.

"ಮಾಟ ಮಂತ್ರ ಏನಾದ್ರೂ ಮಾಡಿಸ್ತಿದ್ರಾ ನಿಮ್ಮ ಭಾವ?" ಎಂದರು ಮೇಸ್ತ್ರಿ.

ನಾನು ಫೋನನ್ನು ಇವರ ಮುಖದ ಮುಂದೆ ಹಿಡಿದೆ. ಬೇಡ ಎಂದು ಮುಖ ತಿರುಗಿಸಿದರು. ಆಮೇಲೆ ಓರೆಗಣ್ಣಿನಲ್ಲಿ ನೋಡಿದರು. ಆಮೇಲೆ ಕನ್ನಡಕ ಹುಡುಕಿದರು.

"ಮಂತ್ರ ಅಂತೆ ಮಂತ್ರ! ಇದು ಬಟ್ಟೆ ಕತ್ತರಿಸೋ ಗುರುತು. ಚುಕ್ಕಿ ಗೆರೆ ಕತ್ತರಿಗೆ, ಒಳಗಿನ ಗೆರೆ ಹೊಲಿಗೆಗೆ. ಬಾಣ ನೂಲಿನ ದಿಕ್ಕು. ಚಿಕ್ಕವನಿದ್ದಾಗ ಅವನ ಟೇಬಲ್ ಕೆಳಗೇ ಮಲಗ್ತಿದ್ದೆ ನಾನು, ನನಗೆ ಗೊತ್ತಿಲ್ವಾ?"

"ಗೋಡೆಗೆಲ್ಲಿಯ ನೂಲು ರೀ?"

"ಅದೇ ನನಗೂ ಅರ್ಥ ಆಗ್ತಿಲ್ಲ," ಎಂದರು. ಆದರೆ ಮಂಚ ಬಿಟ್ಟು ಎದ್ದಿದ್ದರು. ನಾನು ಲಾಡ್ಜಿನವರ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ನಮ್ಮ ಹಾಲು, ಅಡುಗೆಮನೆ, ಬಚ್ಚಲು ಬರೆದೆ. ಒಂದೊಂದು ತೂತಿನ ಅಳತೆ ಕೇಳುತ್ತ ಹೋದೆ. ಮೇಸ್ತ್ರಿ ಗೊಣಗುತ್ತ ಅಳೆದರು. ತೂತಿನಿಂದ ತೂತಿಗೆ ಒಂಬತ್ತು ಇಂಚು, ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಬಾಣಗಳೆಲ್ಲ ತೇವ ಬಂದ ಕಡೆಗೆ. ಇದು ತಲೆ ಕೆಟ್ಟವರ ಕೆಲಸವೇ? ನನ್ನ ಕಚೇರಿಯ ಎಂಜಿನಿಯರುಗಳೂ ಇಷ್ಟು ಅಚ್ಚುಕಟ್ಟಾಗಿ ರಸ್ತೆ ಅಗೆಸುತ್ತಿರಲಿಲ್ಲ.

ಒಂದು ಕಡೆ ಮಾತ್ರ ಲೆಕ್ಕ ತಪ್ಪಿತು. ಕಲೆಗೂ ಅದರ ಹತ್ತಿರದ ತೂತಿಗೂ ನಡುವೆ ಇಪ್ಪತ್ತೇಳು ಇಂಚು.

"ಮೇಸ್ತ್ರಿಗಳೇ, ಅಲ್ಲಿ ಇನ್ನೂ ಎರಡು ಇರಬೇಕು. ಗೋಡೆ ತಟ್ಟಿ ನೋಡಿ."

ತಟ್ಟಿದರು. ಮತ್ತೆ ತಟ್ಟಿದರು. "ಅಯ್ಯೋ! ಹೌದಮ್ಮಾ! ಮುಚ್ಚಿಬಿಟ್ಟಿದಾರೆ. ಒಂದು ಅಡ್ಡಾದಿಡ್ಡಿ ಇದೆ. ಇನ್ನೊಂದಕ್ಕೆ ಸುಣ್ಣ ಬೇರೆ ಬಳಿದಿದಾರೆ, ಬೆರಳಿಟ್ಟರೂ ಗೊತ್ತಾಗಲ್ಲ. ಕಲಿತುಬಿಟ್ಟಿದಾರಲ್ಲ ಮಾರಾಯ್ರು!"

ಇವರು ನನ್ನ ತೋಳು ಹಿಡಿದರು. "ಮುಚ್ಚೋಕೆ ಶುರು ಮಾಡಿದಾನೆ ಅಂದ್ರೆ ಹುಡುಕ್ತಿದ್ದದ್ದು ಸಿಕ್ಕಿದೆ ಅಂತ ತಾನೆ?"

"ಅಲ್ದೆ ಮತ್ತೆ? ಸೋರಿಕೆ ಹುಡುಕ್ತಿದ್ರು ನಿಮ್ಮಣ್ಣ."

ಹಾಗೆ ಹೇಳುತ್ತಿದ್ದಂತೆಯೇ ನನಗೆ ಇನ್ನೊಂದು ನೆನಪಾಯಿತು. ಕೆಳಗಿನ ನಾಲ್ಕು ತೂತು, ಮುಚ್ಚಿದ ಎರಡೂ ಸೇರಿ, ಒಂದೇ ಸಾಲಿನಲ್ಲಿ ಅಡ್ಡಡ್ಡ ಹೋಗಿದ್ದವು. ಐದನೆಯದರಿಂದ ಇದ್ದಕ್ಕಿದ್ದಂತೆ ಮೇಲಕ್ಕೆ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಭಾವ ಫೋನಿನಲ್ಲಿ, "ಅಲ್ಲಮ್ಮಾ, ಸುಮ್ನೆ ಕೇಳ್ತೀನಿ, ನೀನು ಆಫೀಸಲ್ಲಿ ಅಷ್ಟು ವರ್ಷ ಸೋರಿಕೆ ಹೇಗೆ ಹುಡುಕ್ತಿದ್ದೆ?" ಎಂದಿದ್ದರು. ನನಗೋ ಸ್ವರ್ಗಕ್ಕೆ ಮೂರೇ ಗೇಣು. ನನ್ನ ಕೆಲಸದ ಬಗ್ಗೆ ಆ ಮನೆಯಲ್ಲಿ ಯಾರೂ ಅದುವರೆಗೆ ಒಂದು ಮಾತು ಕೇಳಿದವರಲ್ಲ. ಒಂದು ಗಂಟೆ ಕೊರೆದೆ. ನೀರು ಕಂಡ ಜಾಗದಲ್ಲಿ ಸೋರಿಕೆ ಇರುವುದಿಲ್ಲ, ಮೇಲಕ್ಕೆ ಹುಡುಕಬೇಕು. ಕಿವಿ ಇಟ್ಟು ಕೇಳಬೇಕು. ಬೀದಿಯಲ್ಲಿ ಗಾಡಿ ಓಡಾಡುವ ಮುಂಚೆ ಕೇಳಬೇಕು. ಭಾವ ಹೂಂಗುಟ್ಟುತ್ತಿದ್ದರು. ಸುಮ್ಮನೆ ಕೇಳಿದರಂತೆ ಸುಮ್ಮನೆ! ಪಾಠ ಹೇಳಿಸಿಕೊಂಡಿದ್ದಾರೆ, ಘಾಟಿ ಮನುಷ್ಯ!

"ಪ್ಲಂಬರ್ ಕರೆಯೋದಲ್ವಾ?" ಎಂದರು ಇವರು. "ನನಗೊಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀವು ಏನು ಮಾಡ್ತಿದ್ರಿ?"

ಹೇಳಿದ್ದರೆ ಇವರು ಊರು ಸುತ್ತುವುದನ್ನು ಬಿಟ್ಟು ಮುಂದಿನ ಬಸ್ಸು ಹಿಡಿಯುತ್ತಿದ್ದರು, ಅದು ಇಬ್ಬರಿಗೂ ಗೊತ್ತಿತ್ತು.

"ಕೊನೇದು ಎಲ್ಲಿದೆ ಮೇಸ್ತ್ರಿಗಳೇ?"

"ಅಡುಗೆಮನೆ ಬಾಗಿಲ ಮೇಲೆ. ಸ್ಟೂಲ್ ತರ್ತೀನಿ ಇರಿ." ಸ್ಟೂಲಿನ ಸದ್ದಾಯಿತು. ಆಮೇಲೆ ಮೇಸ್ತ್ರಿ ಜೋರಾಗಿ ನಗತೊಡಗಿದರು. "ಅಮ್ಮಾ, ನಲವತ್ತು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ. ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿ, ಮೇಣದ ದಾರದಲ್ಲಿ ಹೊಲಿಗೆ ಹಾಕಿದಾರೆ! ಕಾಲರ್ ಇಟ್ಟ ಹಾಗೆ ಇಟ್ಟಿದಾರೆ!"

ಇವರೂ ನಕ್ಕುಬಿಟ್ಟರು. ಮೂರು ದಿನದ ಮೇಲೆ ಮೊದಲ ನಗು. ನಾನು ನಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಒಂದು ಮೊಳೆ ಒರಗಿಸಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆ ಮೊಳೆ ನನಗೆ ಗೊತ್ತು. ನಾವು ಹೊರಡುವ ಬೆಳಿಗ್ಗೆ, ಇವರು ಆಟೋ ತರಲು ಹೋಗಿದ್ದಾಗ, ನಾವು ಯಾವ ತಿಂಗಳು ಯಾವ ಊರಲ್ಲಿರುತ್ತೇವೆಂದು ಭಾವನಿಗೆ ಗೊತ್ತಾಗಲಿ ಎಂದು ಒಂದು ದೊಡ್ಡ ಹಾಳೆಯಲ್ಲಿ ಬರೆದು ಅಲ್ಲಿ ನೇತುಹಾಕಿದ್ದೆ. ಮೊಳೆ ಹೊಡೆದದ್ದು ನಾನೇ. ಒಳಗೆ ಪೈಪು ಹಾದುಹೋಗಿದೆ ಎಂದು ಜಗತ್ತಿನಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅದು ನನಗೇ ಹೊಳೆಯಬೇಕಿತ್ತು. ಅವಸರದಲ್ಲಿ ನಾಲ್ಕೇಟು ಹೊಡೆದು ಬ್ಯಾಗು ಎತ್ತಿಕೊಂಡು ಹೊರಟಿದ್ದೆ; ಮೊಳೆ ಪೈಪಿಗೇ ಇಳಿದಿತ್ತು.

ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಸ್ತ್ರಿ ಅದನ್ನು ಗಮನಿಸಿಯೇ ಇರಲಿಲ್ಲ. ಆದರೆ ಭಾವ ಕೊನೆಯ ವಾರದಲ್ಲಿ, "ನೀನು ಬಾ, ನಿನಗೊಂದು ವಿಷಯ ಹೇಳ್ತೀನಿ. ಇನ್ನು ಜನ್ಮದಲ್ಲಿ ನನ್ನ ಮುಂದೆ ಆಫೀಸಿನ ಜಂಬ ಕೊಚ್ಚಬಾರದು, ಹಾಗೆ ಮಾಡ್ತೀನಿ" ಎಂದು ನಕ್ಕಿದ್ದರು. ಆ ದಿನ ಏನೋ ತಮಾಷೆ ಎಂದುಕೊಂಡಿದ್ದೆ. ನನ್ನನ್ನು ರೇಗಿಸಲು ಆ ಮೊಳೆಯನ್ನು ಜೋಪಾನವಾಗಿಟ್ಟುಕೊಂಡು ಐದು ತಿಂಗಳು ಕಾಯಲು ತಯಾರಾಗಿದ್ದರು ಪುಣ್ಯಾತ್ಮ. ನನಗೆ ಅಳು ತಡೆಯಲಾಗಲಿಲ್ಲ. ಮೇಸ್ತ್ರಿ ನೋಡುತ್ತಿದ್ದಾರೆಂಬ ನಾಚಿಕೆಯೂ ಇಲ್ಲದೆ ಅತ್ತೆ.

"ಆ ಮೊಳೆ ನಂದು ರೀ," ಎಂದೆ. ಎಲ್ಲ ಹೇಳಿದೆ. ಭಾವನ ಆ ಮಾತನ್ನೂ ಹೇಳಿದೆ. "ನಿಮ್ಮಣ್ಣನಿಗೆ ತಲೆ ನೆಟ್ಟಗೇ ಇತ್ತು. ಕೆಟ್ಟಿದ್ದದ್ದು ನನಗೆ."

ಇವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಫೋನಿನ ಪರದೆಯನ್ನೇ ನೋಡುತ್ತ, "ಈಗ ಸೋರ್ತಿದ್ಯಾ ಇಲ್ವಾ?" ಎಂದು ಕೇಳಿದರು.

ತೂತು ನೋಡಿ ಹೆದರಿದ್ದ ನಾದಿನಿ ಟ್ಯಾಂಕಿನ ವಾಲ್ವು ಮುಚ್ಚಿಸಿದ್ದಳು. ಮೇಸ್ತ್ರಿ ಮಹಡಿ ಹತ್ತಿ ಅದನ್ನು ತೆಗೆದು ಬಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ತಾಗಿಸಿ, ಅದರ ಹಿಡಿಗೆ ಫೋನು ಒತ್ತಿ ಹಿಡಿಯಿರಿ ಎಂದೆ. ಮೊದಲು ನಾನು ಕೇಳಿದೆ. ನೀರು ತುಂಬಿಕೊಳ್ಳುವ ಸದ್ದು ಬಂದು ನಿಂತಿತು. ಅದಾದ ಮೇಲೆ ಏನೂ ಇಲ್ಲ. ಮೂವತ್ತೊಂದು ವರ್ಷದ ನನ್ನ ಕಿವಿಯ ಆಣೆಗೂ ಏನೂ ಇಲ್ಲ. ಫೋನು ಇವರ ಕೈಗೆ ಕೊಟ್ಟೆ.

"ಏನು ಕೇಳಿಸ್ಬೇಕು?"

"ಏನೂ ಕೇಳಿಸಬಾರದು. ಕೇಳಿಸದಿದ್ರೆ ನಿಮ್ಮಣ್ಣ ಗೆದ್ದ ಹಾಗೆ."

ಇವರು ಕಣ್ಣು ಮುಚ್ಚಿ ಫೋನು ಕಿವಿಗೆ ಒತ್ತಿಕೊಂಡರು. ಕೆಳಗಡೆ ಸೈಕಲ್ ಅಂಗಡಿಯವನು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ನಾನು ಕಿಟಕಿ ಮುಚ್ಚಿದೆ. ಇವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಕೇಳಿದರು.

"ಏನೂ ಕೇಳಿಸ್ತಿಲ್ಲ ಕಣೇ," ಎಂದರು. "ಮನೇಲಿ ಯಾರೂ ಇಲ್ಲ." ಹಾಗೆಂದವರೇ ಬಿಕ್ಕಿ ಬಿಕ್ಕಿ ಅಳತೊಡಗಿದರು. ನಾನು ಬೆನ್ನು ಸವರಿದೆ, ಸುಮ್ಮನಿರಿ ಎನ್ನಲಿಲ್ಲ. ಸಾಕಾಗುವಷ್ಟು ಅತ್ತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನೋಡಿದರೆ ಫೋನು ಇನ್ನೂ ಚಾಲೂ ಇತ್ತು. ಮೇಸ್ತ್ರಿ ಪಾಪ ಸ್ಕ್ರೂಡ್ರೈವರ್ ಹಿಡಿದುಕೊಂಡು ಸ್ಟೂಲಿನ ಮೇಲೇ ನಿಂತಿದ್ದರು.

"ಯಜಮಾನ್ರೇ, ಹೊಲಿಗೆ ಪಕ್ಕಾ ಇದೆ," ಎಂದರು ಮೆತ್ತಗೆ. "ಆದ್ರೂ ಅದನ್ನ ಬಿಚ್ಚಿ ಒಂದು ಜಾಯಿಂಟ್ ಹಾಕೋದು ಒಳ್ಳೇದು. ಆಮೇಲೆ ತೂತು ಮುಚ್ಚಿಬಿಡ್ಲಾ?"

"ಜಾಯಿಂಟ್ ಹಾಕಿ. ತೂತು ಹಾಗೇ ಇರ್ಲಿ, ಒಂಬತ್ತೂ. ನಾಳೆ ಹೊರಡ್ತೀವಿ, ನಾನೇ ಬಂದು ಮುಚ್ತೀನಿ."

"ನೀವಾ? ನಿಮಗೆ ಗಾರೆ ಕೆಲಸ ಬರುತ್ತಾ ಯಜಮಾನ್ರೇ?"

"ಬರಲ್ಲಪ್ಪಾ," ಎಂದರು ಇವರು. "ನಮ್ಮಣ್ಣನಿಗೂ ಬರ್ತಿರಲಿಲ್ಲ."