ಉಡಿ ತುಂಬುವ ಕೈ

ದುರಗವ್ವನಿಗೆ ಹೊಟ್ಟೆಕಿಚ್ಚು ಇತ್ತೆಂದರೆ ನವನಗರದ ಆ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಗಂಡ ಹನುಮಪ್ಪ ಸರಕಾರಿ ನೌಕರ. ಒಬ್ಬಳೇ ಮಗಳು ಕಸ್ತೂರಿ ಮದುವೆಯಾಗಿ ಈಗ ಬಸುರಿ. ಮನೆಯಲ್ಲಿ ಯಾವ ಕಾರ್ಯವಿರಲಿ, ಅತ್ತೆ ಗುಡ್ಡವ್ವ ಆರತಿ ತಟ್ಟೆಯನ್ನು ಮೊದಲು ಕೊಡುವುದು ಹಿರಿಯ ಸೊಸೆ ದುರಗವ್ವನ ಕೈಗೇ. ಕಿರಿಯ ಸೊಸೆ ಕರುಣಾ ಆ ಹೊತ್ತಿಗೆ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿರಬೇಕು. ಮದುವೆಯಾಗಿ ಎಂಟು ವರ್ಷವಾದರೂ ಹೆರದವಳು ಇನ್ನೊಬ್ಬರ ಉಡಿ ತುಂಬಬಾರದು ಎಂಬುದು ಆ ಮನೆಯ ಕಟ್ಟಳೆ. ಆ ಮನೆಯದಷ್ಟೇ ಏಕೆ, ನಮ್ಮ ನಿಮ್ಮ ಮನೆಗಳ ಕಟ್ಟಳೆಯೂ ಅದೇ ಅಲ್ಲವೇ?

ಹಾಗಿದ್ದರೂ ಕಿಚ್ಚು ಹತ್ತಿದ್ದು ಹಿರಿಯ ಸೊಸೆಯ ಹೊಟ್ಟೆಗೆ. ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಮೈದುನ ಅಂಬರೀಷ ಊಟಕ್ಕೆ ಕುಳಿತವನು, ಮಕ್ಕಳಾಗುವ ಚಿಕಿತ್ಸೆಗೆ ತಾನೂ ಕರುಣಾಳೂ ಸಿಂಗಾಪುರಕ್ಕೆ ಹೊರಟಿದ್ದೇವೆ ಎಂದ.

"ಸಿಂಗಾಪುರಕ್ಕ?" ರೊಟ್ಟಿ ಬಡಿಯುತ್ತಿದ್ದ ದುರಗವ್ವನ ಕೈ ನಿಂತಿತು. "ಯಾಕ, ಇಲ್ಲೇ ಬಾಜೂಕ ಸತ್ತೂರಾಗ ಅಷ್ಟು ದೊಡ್ಡ ದವಾಖಾನಿ ಐತಲ್ಲ?"

"ಅಲ್ಲಿ ಭಾಳ ಛಲೋ ಡಾಕ್ಟರ್ ಅದಾರಂತ, ವೈನಿ," ಎಂದ ಅಂಬರೀಷ. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವ ಆ ಮನುಷ್ಯ ತಾಟಿನಿಂದ ಮುಖ ಎತ್ತಲಿಲ್ಲ.

ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂದು ದುರಗವ್ವ ಮತ್ತೆ ಮತ್ತೆ ಅಂದುಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಹನುಮಪ್ಪ ಅವಳನ್ನು ಹತ್ತಿರದ ಉಣಕಲ್ ಕೆರೆಯ ದಂಡೆಯವರೆಗೂ ಕರೆದೊಯ್ದಿರಲಿಲ್ಲ. ಹೆರಿಗೆಯಾದಾಗ ದವಾಖಾನೆಯ ಬಾಗಿಲಿಗೆ ಬಂದು, "ಏನ್ ಹುಟ್ಟೇತಿ?" ಎಂದು ಕೇಳಿ ಹೊರಟುಹೋಗಿದ್ದ. ಹೆತ್ತವಳಿಗೆ ಒಲೆ, ಹೆರದವಳಿಗೆ ವಿಮಾನ! ಕರುಣಾಳ ಸೂಟ್‌ಕೇಸನ್ನು ಅಂಬರೀಷ ತಾನೇ ಎತ್ತಿಕೊಂಡು ರಿಕ್ಷಾ ಹತ್ತಿದ್ದನ್ನು ಕಿಟಕಿಯಿಂದ ನೋಡಿದ ಮೇಲಂತೂ ಅವಳಿಗೆ ಅನ್ನ ಸೇರಲಿಲ್ಲ.

ಚಿಕಿತ್ಸೆ ಫಲ ಕೊಡಲಿಲ್ಲ. ಇಬ್ಬರೂ ಬಾಡಿದ ಮುಖ ಹೊತ್ತು ತಿರುಗಿ ಬಂದರು. ಕರುಣಾ ಅಕ್ಕನಿಗೆಂದು ತಂದ ಹೂವಿನ ಕೊಡೆಯನ್ನು ದುರಗವ್ವ ಬಿಚ್ಚಿಯೂ ನೋಡದೆ ಕಪಾಟಿನ ಮೇಲೆ ಎಸೆದಳು. ಫಲ ಸಿಗಲಿಲ್ಲವೆಂಬ ಸುದ್ದಿಗೆ ಒಳಗೊಳಗೇ ತಂಪೆನಿಸಿತು ಎಂಬುದನ್ನೂ ಹೇಳಿಬಿಡಬೇಕು.

ಅಷ್ಟರಲ್ಲಿ ಕಸ್ತೂರಿಗೆ ಏಳು ತಿಂಗಳು ತುಂಬಿ ಮನೆಯಲ್ಲಿ ಸೀಮಂತದ, ಅಂದರೆ ಕುಬಸದ ಕಾರ್ಯ ನಿಶ್ಚಯವಾಯಿತು. ಹಸಿರು ಕುಬಸ ಹೊಲಿದದ್ದು ಪಕ್ಕದ ಮನೆಯ ಗೋದಾಬಾಯಿ. ಗಂಡ ಸತ್ತ ಮೇಲೆ ಹೊಲಿಗೆ ಯಂತ್ರವನ್ನೇ ನಂಬಿದವಳು. ಕುಬಸ ತಂದು ಕೊಟ್ಟಳು, ಕಾರ್ಯಕ್ಕೆ ಮಾತ್ರ ಕರೆಯಿರಲಿಲ್ಲ.

"ಅತ್ತಿ, ಕರುಣಾನ ಕೈ ಕಸ್ತೂರಿಗೆ ಸೋಂಕೂದು ಬ್ಯಾಡ್ರಿ," ಎಂದಳು ದುರಗವ್ವ. ಬಸುರಾದ ಸುದ್ದಿಯನ್ನು ಮಗಳು ಮೊದಲು ಫೋನ್ ಮಾಡಿ ಹೇಳಿದ್ದು ಚಿಗವ್ವ ಕರುಣಾಳಿಗೆ, ಹಡೆದವ್ವನಿಗಲ್ಲ. ಆ ಉರಿ ಬೇರೆ ಇತ್ತು.

"ಅದನ್ನ ನೀ ಹೇಳಬೇಕೇನು?" ಎಂದಳು ಗುಡ್ಡವ್ವ. "ಬಂಜಿ ಕೈ ಬಿದ್ರ ಹೊಟ್ಟ್ಯಾಗಿನ ಕೂಸಿಗೆ ಕೇಡು. ಹಿರ್ಯಾರೇನು ಹುಚ್ಚರಿದ್ದರೇನು? ಹೋಗಿ ಹೇಳು, ನಾಳೆ ಮ್ಯಾಲಿನ ಖೋಲ್ಯಾಗ ಇರಲಿ."

ದುರಗವ್ವ ಲಗುಬಗೆಯಿಂದ ಮೆಟ್ಟಿಲು ಹತ್ತಿದಳು. ಕರುಣಾ ಬಟ್ಟೆ ಮಡಚುತ್ತಿದ್ದಳು.

"ನಾಳೆ ನೀ ಕೆಳಗ ಬರಬ್ಯಾಡಂತ. ಬ್ಯಾಸರ ಮಾಡಕೋಬ್ಯಾಡ ಮತ್ತ, ಸಿಂಗಾಪುರ ಕಂಡು ಬಂದಾಕಿ ನೀ!"

ಕರುಣಾ ಬಟ್ಟೆ ಕೆಳಗಿಟ್ಟಳು. "ಸಿಂಗಾಪುರ ಎಲ್ಲಿ ಕಂಡೆ, ಅಕ್ಕಾ? ಕಂಡದ್ದು ದವಾಖಾನಿ ಗೋಡಿ. ಇಲ್ಲಿ ಎಂಟು ವರ್ಷ ನನ್ನ ಮೈ ಅಷ್ಟಽ ಪರೀಕ್ಷಾ ಮಾಡಿಸಿದ್ರು. ಬೇರು ತಿನ್ನಿಸಿದ್ರು, ಬೂದಿ ಕುಡಿಸಿದ್ರು, ಒದ್ದಿ ಸೀರ್ಯಾಗ ಪ್ರದಕ್ಷಿಣಿ ಹಾಕಿಸಿದ್ರು. ನಿಮ್ಮ ಯಜಮಾನರನ್ನೂ ಒಮ್ಮೆ ಕರಕೊಂಡ ಬರ್ರಿ ಅಂತ ಇಲ್ಲಿ ಡಾಕ್ಟರ್ ಅಂದ್ರ ಇವರು ಒಲ್ಲೆ ಅಂದ್ರು. ಊರೆಲ್ಲ ಗುರ್ತಿನ ಮಂದಿ, ಯಾರರ ನೋಡಿದ್ರ ಹೆಂಗ ಅಂತ. ಅದಕ್ಕ ಗುರ್ತಿಲ್ಲದ ಊರಿಗೆ ಹೋದ್ವಿ. ಸತ್ತೂರಾಗ ಆಗೂ ಪರೀಕ್ಷಾಕ್ಕ ಸಮುದ್ರ ದಾಟಿದ್ವಿ."

"ಏನಂದ್ರು ಅಲ್ಲಿ?"

"ದೋಷ ಇವರದು. ಬಾಯಿ ಬಿಡಬ್ಯಾಡಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಾರ. ನಿನ್ನ ಮುಂದ ಮುರಿದೆ. ಸಾಕಾಗೇತಿ, ಅಕ್ಕಾ."

ದುರಗವ್ವ ಕೆಳಗಿಟ್ಟ ಬಟ್ಟೆಯನ್ನು ತಾನೇ ಎತ್ತಿ ಮಡಚಿಟ್ಟಳು. ಹೆಂಡತಿಯ ಸೂಟ್‌ಕೇಸ್ ಎತ್ತಿಕೊಂಡು ಹೋದ ಆ ಗಂಡಸಿನಂಥವನು ತನಗಿಲ್ಲವೆಂದು ಎಷ್ಟು ದಿನ ಹೊಟ್ಟೆ ಉರಿದುಕೊಂಡಿದ್ದಳು! ಅವನು ಎಂಟು ವರ್ಷದಿಂದ ಅದೇ ಹೆಂಡತಿಯ ಸೆರಗಿನ ಮರೆಯಲ್ಲಿ ಅಡಗಿದ್ದ. ಅವಳು ಮೆಟ್ಟಿಲಿಳಿದು ಬಂದು ನೀರು ಕುಡಿದಳು.

ಮರುದಿನ ಮನೆ ತುಂಬ ಹೆಂಗಸರು. ಕಸ್ತೂರಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಳು. ಗುಡ್ಡವ್ವ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲಿನ ತಟ್ಟೆ ಎತ್ತಿಕೊಂಡು ಬಂದರೂ ಹುಡುಗಿ ಸೆರಗು ಒಡ್ಡಲಿಲ್ಲ.

"ಚಿಗವ್ವ ಎಲ್ಲಿ? ಅಕಿ ತುಂಬದ ಉಡಿ ನನಗ ಬ್ಯಾಡ."

"ಹುಚ್ಚಿ, ಬಂಜಿ ಕೈಲೆ ಉಡಿ ತುಂಬಿಸಿಕೋತಾರೇನು? ದುರಗವ್ವಾ, ನಿನ್ನ ಮಗಳಿಗೆ ಬುದ್ಧಿ ಹೇಳು!"

ಎಲ್ಲರೂ ದುರಗವ್ವನತ್ತ ತಿರುಗಿದರು. ಹೆತ್ತವ್ವ ಇಲ್ಲಿ ನಿಂತಿದ್ದರೂ ಮಗಳು ಕೇಳುವುದು ಚಿಗವ್ವನನ್ನೇ! ಹಳೆಯ ಕಿಚ್ಚು ಮತ್ತೆ ಹೊತ್ತಿತು. ಒಂದು ಮಾತು ಗದರಿಸಿದರೆ ಮಗಳು ಸೆರಗು ಒಡ್ಡುತ್ತಾಳೆ, ಕರುಣಾ ಜೀವಮಾನವಿಡೀ ಮೇಲಿನ ಕೋಣೆಯಲ್ಲೇ ಉಳಿಯುತ್ತಾಳೆ. ಬಾಗಿಲಲ್ಲಿ ಬಾಳೆಹಣ್ಣಿನ ಗೊನೆ ಹಿಡಿದು ಅಂಬರೀಷ ನಿಂತಿದ್ದ.

"ಅಂಬರೀಷಾ," ಎಂದಳು ದುರಗವ್ವ, "ನೀ ಹೇಳ್ತೀಯೋ, ನಾ ಹೇಳಲ್ಯೋ?"

ಅವನ ಮುಖ ಕಪ್ಪಿಟ್ಟಿತು. ಮೆಟ್ಟಿಲ ಮೇಲೆ ಬಂದು ನಿಂತಿದ್ದ ಹೆಂಡತಿಯನ್ನು ನೋಡಿದ. "ಅವ್ವಾ, ಮಕ್ಕಳಾಗದಿದ್ದಕ್ಕ ಕರುಣಾ ಕಾರಣಲ್ಲ. ದೋಷ ನಂದು. ನಾಚಿಕಿಗೆ ಅಂಜಿ ಮುಚ್ಚಿಟ್ಟೆ."

"ಗಂಡಸಿಗೆಲ್ಲೀ ದೋಷನೋ!" ಎಂದಳು ಗುಡ್ಡವ್ವ. ನೆರೆದವರ ಕಣ್ಣು ತನ್ನ ಮೇಲಿರುವುದು ಕಂಡು ದನಿ ತಗ್ಗಿಸಿದಳು. "ಆತು. ನೀ ಬಂಜಿ ಅಲ್ಲಂತ ಆತಲ್ಲವಾ, ಕರುಣಾ. ಬಾ, ತುಂಬು."

ಕರುಣಾ ಇಳಿಯಲಿಲ್ಲ. "ದೋಷ ನಂದಽ ಇದ್ದಿದ್ರ, ಅತ್ತಿ? ಈ ಕೈಗೆ ಏನಾಗತಿತ್ತರಿ? ಇವಽ ಕೈಲೆ ಕಸ್ತೂರಿಗೆ ಜಡಿ ಹಾಕೇನಿ, ಜ್ವರ ಬಂದಾಗ ಗಂಜಿ ಕುಡಿಸೇನಿ. ಯಾರಿಗೇನು ಕೊರತಿ ಅಂತ ನೋಡಿ ಕರಿಯೂ ಕಾರ್ಯಕ್ಕ ನಾ ಬರೂದಿಲ್ಲ. ಕರಿಯೂದಿದ್ರ ಗೋದಾಬಾಯಿನ್ನೂ ಕರೀರಿ. ಅವರು ಹೊಲಿದ ಕುಬಸ ಬೇಕು, ಅವರು ಬ್ಯಾಡೇನ್ರಿ?"

"ಮುತ್ತೈದ್ಯಾರ ನಡುವ ಗಂಡ ಸತ್ತಾಕಿನ್ನ? ನಾ ಇರೂತನಕ ಆಗೂದಿಲ್ಲ!" ಗುಡ್ಡವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಬ್ಬರು ಮೂವರು ಹೆಂಗಸರು ಎದ್ದು ಹೋದರು. ಉಳಿದವರು ಕುಳಿತೇ ಇದ್ದರು.

ದುರಗವ್ವ ಪಕ್ಕದ ಮನೆಗೆ ಹೋಗಿ, ಬೇಡ ಬೇಡವೆನ್ನುತ್ತಿದ್ದ ಗೋದಾಬಾಯಿಯ ಕೈ ಹಿಡಿದು ಕರೆತಂದಳು. ಆಗ ಕರುಣಾ ಕೆಳಗಿಳಿದು ತಟ್ಟೆ ಎತ್ತಿಕೊಂಡಳು. ಕಸ್ತೂರಿ ಸೆರಗು ಒಡ್ಡಿದಳು. ಉಡಿ ತುಂಬಿದ ಚಿಗವ್ವನ ಕೈಗಳನ್ನು ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು ಅತ್ತಳು.

ದುರಗವ್ವನ ಎದೆ ಮತ್ತೊಮ್ಮೆ ಚುರ್ ಎಂದಿತು. ಸುಟ್ಟರೆ ಸುಡಲಿ ಎಂದುಕೊಂಡು, ತನ್ನ ಸರದಿಯ ತಟ್ಟೆಯನ್ನು ಗೋದಾಬಾಯಿಯ ಕೈಗೆ ಕೊಟ್ಟಳು.