ಮುರಳೀಧರ ಇದ್ದಾರೆ

ಶುಲ್ಕ ಕಟ್ಟಿದ ಮರುದಿನ ಡಾಕ್ಟರ್ ಮುರಳೀಧರ ಬದುಕಿ ಬಂದರು. ಅವರು ಸತ್ತು ಬಹಳ ವರ್ಷಗಳಾಗಿದ್ದವು.

ಕಟ್ಟಿದವನು ಅವರ ಮೊಮ್ಮಗ. ಅವನ ಹೆಸರೂ ಮುರಳೀಧರ, ಅವನೂ ಡಾಕ್ಟರ್. ಅವನು ಕೂರುವುದೂ ತ್ರಿಪ್ಲಿಕೇನಿನ ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ. ಮುಂದೆ ಕ್ಲಿನಿಕ್ಕು, ಪರದೆಯ ಹಿಂದೆ ಸಂಸಾರ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಮೈಸೂರಿನ ಕಡೆಯಿಂದ ಬಂದ ಆ ಮನೆತನದ ರೂಢಿ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳದಿರುವುದೂ ರೂಢಿಯೇ. ಹಾಗಾಗಿ ಅಜ್ಜಿ ಪ್ರೇಮಮ್ಮ ಕೂಸನ್ನು ಅಪ್ಪಾಜಿ ಎಂದು ಕರೆದಳು, ಉಳಿದವರೂ ಹಾಗೆಯೇ ಕರೆದರು. ಮುರಳೀಧರ ಎಂಬ ಹೆಸರು ಮನೆಯೊಳಗೆ ಬೀಗ ಹಾಕಿದ ಕೋಣೆಯಂತೆ ಇತ್ತು. ಅಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತು, ಯಾರೂ ತೆರೆಯುವುದಿಲ್ಲ.

ಆರೋಗ್ಯ ಮಾಹಿತಿ ಶುಲ್ಕವನ್ನು ರಾಜ್ಯದ ಪ್ರತಿ ಡಾಕ್ಟರೂ ವರ್ಷಕ್ಕೊಮ್ಮೆ ಕಟ್ಟಲೇಬೇಕು. ಎಲ್ಲ ರೋಗಿಗಳ ವಿವರ ಇಟ್ಟುಕೊಳ್ಳುವ ಕಂಪ್ಯೂಟರ್ ಜಾಲ ನಡೆಯುವುದು ಆ ಹಣದಿಂದ. ಕಟ್ಟದವನ ಹೆಸರು ಜಾಲದಲ್ಲಿ ಕಾಣುವುದಿಲ್ಲ, ಕಾಣದವನ ಚೀಟಿಗೆ ಮೆಡಿಕಲ್ ಶಾಪಿನವರು ಮಾತ್ರೆ ಕೊಡುವುದಿಲ್ಲ. ಜಾಲ ಶುರುವಾದಾಗ ಏಜೆನ್ಸಿಯವರು ಬಂದು ಅಟ್ಟದ ಮೇಲಿದ್ದ ತಾತನ ಕೇಸ್ ಶೀಟುಗಳನ್ನು ಜಾಲಕ್ಕೆ ಸೇರಿಸಲೆಂದು ಗೋಣಿಚೀಲಗಳಲ್ಲಿ ತುಂಬಿಕೊಂಡು ಹೋಗಿದ್ದರು. ಅಟ್ಟ ಖಾಲಿಯಾಯಿತೆಂದು ಎಲ್ಲರಿಗೂ ಸಮಾಧಾನವಾಗಿತ್ತು.

ಈಗ ಅಪ್ಪಾಜಿ ಲಾಗಿನ್ ಆದರೆ ತೆರೆಯ ಮೇಲೆ ತಾತನ ಹುಟ್ಟಿದ ವರ್ಷ, ತಾತನ ರೋಗಿಗಳು. ಅವನು ಯಾವ ಕಾಯಿಲೆ ಬರೆದರೂ ಪಕ್ಕದಲ್ಲಿ ‘ನಿಮ್ಮ ರೂಢಿಯ ಔಷಧಿ’ ಎಂದು ತಾತನ ಔಷಧಿ ಮೂಡುತ್ತಿತ್ತು. ಕೆಲವನ್ನು ಈಗ ಯಾವ ಕಂಪನಿಯೂ ತಯಾರಿಸುತ್ತಿರಲಿಲ್ಲ. ಮೊದಮೊದಲು ಅಳಿಸಿ ತನ್ನದನ್ನು ಬರೆದ. ಆಮೇಲೊಂದು ಮಧ್ಯಾಹ್ನ, ಓದುವ ಮೊದಲೇ ತನ್ನ ಬೆರಳು ಅದಕ್ಕೆ ಒಪ್ಪಿಗೆ ಒತ್ತಿದ್ದು ನೋಡಿ ಕುರ್ಚಿಯಿಂದ ಎದ್ದು ನಿಂತ.

ಅಂಬತ್ತೂರಿನಲ್ಲಿದ್ದ ಜಾಲದ ಸಹಾಯವಾಣಿಗೆ ಫೋನು ಮಾಡಿದ. ಹೆಸರು ಕೇಳಿದ ಹುಡುಗ ತಮಿಳು ಬಿಟ್ಟು, “ಸಾರ್ ಕನ್ನಡಾನಾ? ನಾನು ಪ್ರಮೋದ್, ನಮ್ದು ಹೊಸೂರು” ಎಂದ. ಒಂದಿಷ್ಟು ಟೈಪ್ ಮಾಡಿದ ಸದ್ದು.

“ಸಾರ್, ಒಂದೇ ಹೆಸರು, ಒಂದೇ ಅಡ್ರೆಸ್ಸು. ಸಿಸ್ಟಮ್ಮು ಒಬ್ರೇ ಅಂದ್ಕೊಂಡಿದೆ. ಹಳೇ ಡಾಕ್ಟ್ರು ತೀರ್ಕೊಂಡಿದ್ದು ಯಾರೂ ತಿಳಿಸಿಲ್ಲ.”

“ಕೇಳಬಹುದಿತ್ತಲ್ಲಪ್ಪ?”

“ಕೇಳಿದೀವಿ ಸಾರ್, ರೆಕಾರ್ಡಿಂಗ್ ಇದೆ. ಮುರಳೀಧರ ಇದಾರಾ ಅಂದಿದ್ದಕ್ಕೆ ನಿಮ್ಮ ಮನೆ ಅಮ್ಮ ಒಬ್ರು ಇದಾರೆ ಅಂದಿದಾರೆ. ಈಗ ಅವ್ರ ಹೆಂಡ್ತಿನೇ ಹೆಸರು ಹಿಡಿದು, ಇಂಥವ್ರು ಇಲ್ಲ ಅಂತ ಫೋನಲ್ಲಿ ಹೇಳ್ಬೇಕು. ಆಮೇಲೆ ಅವ್ರ ಖಾತೆ ಮುಚ್ಚಿ ನಿಮಗೆ ಹೊಸದು ಕೊಡ್ತೀವಿ. ಶುಕ್ರವಾರ ನಾನೇ ಕಾಲ್ ಮಾಡ್ತೀನಿ. ಅದೇ ಕಡೇ ದಿನ ಸಾರ್. ತಪ್ಪಿದ್ರೆ ನಿಮ್ಮ ಡಾಕ್ಟರ್ ರಿಜಿಸ್ಟ್ರೇಷನ್ ನಂಬರನ್ನ ನಕಲು ಅಂತ ತೆಗೆದುಬಿಡತ್ತೆ.”

ಪ್ರೇಮಮ್ಮ ಬೀನ್ಸ್ ಬಿಡಿಸುತ್ತಿದ್ದಳು.

“ಯಾಕಜ್ಜಿ ಹಾಗಂದೆ?”

“ಆ ಹೆಸರು ಹೇಳಿ ಕೇಳಿದ್ರು ಕಣೋ. ಎಷ್ಟು ವರ್ಷ ಆಗಿತ್ತು ಕೇಳಿ. ಇಲ್ಲ ಅನ್ನಕ್ಕೆ ಬಾಯಿ ಬರಲಿಲ್ಲ.”

“ಶುಕ್ರವಾರ ಅನ್ನಲೇಬೇಕು. ಇಲ್ಲದಿದ್ರೆ ನಾನು ಡಾಕ್ಟರೇ ಅಲ್ಲ.”

“ನೋಡಣ ಬಿಡು. ಇಷ್ಟೊಂದು ಜನ ಬರ್ತಿದಾರಲ್ಲ, ನಿಂಗೇನು ಕಷ್ಟ?”

ಜನ ಬರುತ್ತಿದ್ದುದು ನಿಜ. ಶುಲ್ಕ ಕಟ್ಟಿದ ಡಾಕ್ಟರ ಹಳೆಯ ರೋಗಿಗಳಿಗೆಲ್ಲ ಜಾಲವೇ ಮೆಸೇಜು ಕಳಿಸುತ್ತಿತ್ತು, ‘ನಿಮ್ಮ ವೈದ್ಯ ಮುರಳೀಧರ ನಿಮ್ಮನ್ನು ತಪಾಸಣೆಗೆ ಕರೆದಿದ್ದಾರೆ’ ಎಂದು. ಕೋಲೂರಿಕೊಂಡು ಬಂದ ಮುದುಕರು ಬಾಗಿಲಲ್ಲಿ ನಿಂತು ಅವನ ಮುಖ ದಿಟ್ಟಿಸುತ್ತಿದ್ದರು. ಒಬ್ಬ ಮುದುಕಿ ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, “ಅದೇ ಕೈ, ಅದೇ ಕೈ” ಎಂದು ತಮಿಳಿನಲ್ಲಿ ಹೇಳಿ ಅತ್ತಳು. ನಾನು ಮೊಮ್ಮಗ ಎಂದು ಅವನು ಹೇಳಿದ. ಅವಳು ತಲೆಯಾಡಿಸಿ, ಆಯಿತು, ಆ ಗುಲಾಬಿ ಬಣ್ಣದ ಔಷಧಿ ಕೊಡಿ ಎಂದಳು.

ಶುಕ್ರವಾರ ಮಧ್ಯಾಹ್ನ ಬಂದವನು ಕನ್ನಡದವನೆಂದು ಅವನು ಬಾಯಿ ತೆರೆದಾಗಲೇ ತಿಳಿಯಿತು.

“ನಾನು ಐತಪ್ಪ. ಪುತ್ತೂರಿನವ. ರೈಲ್ವೆಯಲ್ಲಿ ಇದ್ದದ್ದು. ಈಗ ತಾಂಬರಂನಲ್ಲಿ ಮನೆ. ಮೆಸೇಜ್ ಬಂತಲ್ಲ, ಹಾಗೆ ಬಂದೆ.”

“ಕೂತ್ಕೊಳ್ಳಿ. ಏನಾಗ್ತಿದೆ?”

“ನನಗೆ ಎಂತದೂ ಇಲ್ಲ ಮಾರಾಯ್ರೆ. ಕರೆದದ್ದು ನನ್ನ ಮಗಳನ್ನು.” ಅವನು ಮೊಬೈಲನ್ನು ಮೇಜಿನ ಮೇಲಿಟ್ಟ. ‘ಅನು, ನಿಮ್ಮ ವೈದ್ಯ ಮುರಳೀಧರ...’

“ಅವರು ಬಂದಿಲ್ವಾ?”

“ಅವಳು ಒಂದನೇ ಕ್ಲಾಸಿಗೆ ಹೋಗ್ತಿರುವಾಗಲೇ ತೀರಿಹೋದಳು. ರೇಷನ್ ಕಾರ್ಡಲ್ಲಿ ಹೆಸರು ಉಂಟು. ತೆಗೆಸ್ಲಿಕ್ಕೆ ಮನಸ್ಸಾಗ್ಲಿಲ್ಲ. ನಿಮ್ಮ ಕಂಪ್ಯೂಟರು ಅಲ್ಲಿಂದ ಹಿಡಿದದ್ದು ಕಾಣ್ತದೆ.”

ಅಪ್ಪಾಜಿ ಕ್ಷಮೆ ಕೇಳಿದ. ತಾತನ ವಿಷಯ, ಶುಲ್ಕದ ವಿಷಯ ಎಲ್ಲ ಹೇಳಿದ. ಐತಪ್ಪ ಪೂರ್ತಿ ಕೇಳಿಸಿಕೊಂಡ.

“ನೀವು ಅವರಲ್ಲ ಅಂತ ನೋಡುವಾಗಲೇ ಗೊತ್ತಾಯ್ತು. ಆದ್ರೆ ಕರೆದದ್ದು ಆ ಹೆಸರಿನವರಲ್ವಾ? ಕೇಳ್ಬೇಕಾದ್ದು ಒಂದು ಉಂಟು. ಆಗ ನಮ್ಮ ಮನೆ ಇಲ್ಲೇ ಹಿಂದಿನ ರಸ್ತೆಯಲ್ಲಿ, ಅವಳಿಗೆ ಏನಾದ್ರೂ ಇಲ್ಲಿಗೇ ತರ್ತಿದ್ದದ್ದು. ಹೀಗೇ ಮಧ್ಯಾಹ್ನ. ಹುಡುಗಿಗೆ ಜ್ವರ ಏರಿ ಕಣ್ಣು ಮೇಲೆ ಹೋಗಿತ್ತು. ಹೊತ್ತುಕೊಂಡು ಓಡಿ ಬಂದೆ. ಪರದೆಯ ಹತ್ರ ಅಮ್ಮ ಒಬ್ರು ನಿಂತು, ಡಾಕ್ಟ್ರು ಮನೆಯಲ್ಲಿಲ್ಲ, ಸಂಜೆ ಬನ್ನಿ ಅಂದ್ರು. ಸಂಜೆವರೆಗೆ ಅವಳು ಉಳೀಲಿಲ್ಲ.” ಐತಪ್ಪ ಪರದೆಯನ್ನೇ ನೋಡುತ್ತಿದ್ದ. “ಆದ್ರೆ ಒಳಗೆ ಒಬ್ರು ಕೆಮ್ಮಿದ್ರು. ತಟ್ಟೆಯ ಸದ್ದೂ ಕೇಳಿತು. ಅದು ಅವರೇ ಆಗಿದ್ರಾ? ಅಷ್ಟು ಗೊತ್ತಾದ್ರೆ ಸಾಕು. ಜಗಳ ಮಾಡ್ಲಿಕ್ಕೆ ಬಂದದ್ದಲ್ಲ.”

ಪರದೆಯ ಕೆಳಗೆ ಪ್ರೇಮಮ್ಮನ ಪಾದಗಳು ಕಾಣುತ್ತಿದ್ದವು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಫೋನು ರಿಂಗಾಯಿತು.

“ಸಾರ್, ಪ್ರಮೋದ್, ಅಂಬತ್ತೂರಿಂದ. ಅಮ್ಮನಿಗೆ ಕೊಡ್ತೀರಾ? ರೆಕಾರ್ಡಿಂಗ್ ಹಾಕಿದೀನಿ.”

ಅಪ್ಪಾಜಿ ಸ್ಪೀಕರ್ ಒತ್ತಿ, “ಅಜ್ಜಿ” ಎಂದ. ಅವಳು ಹೊರಗೆ ಬಂದಳು. ಐತಪ್ಪ ಎದ್ದು ನಿಂತು ಕೈಮುಗಿದ. ಅವಳು ಮುಗಿಯಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದಿದ್ದಳು, ಇನ್ನೊಂದರಲ್ಲಿ ಪರದೆಯ ಅಂಚು. ಒಳಗಿನದು ಹೊರಗಿನವರಿಗೆ ಕಾಣಬಾರದೆಂಬಂತೆ ಅದನ್ನು ಬಿಗಿಯಾಗಿ ಎಳೆದುಕೊಂಡಿದ್ದಳು. ಒಳಗೆ ಈಗ ಊಟಕ್ಕೆ ಕೂತವರು ಯಾರೂ ಇರಲಿಲ್ಲ.

“ಅಮ್ಮಾ, ಡಾಕ್ಟರ್ ಮುರಳೀಧರ ಅವರು ಇದಾರಾ, ಇಲ್ವಾ? ಹೆಸರು ಹೇಳಿ, ಆಮೇಲೆ ಉತ್ತರ ಹೇಳಿ.”

ಪ್ರೇಮಮ್ಮನ ತುಟಿಗಳು ಆ ಹೆಸರಿನ ಮೊದಲ ಅಕ್ಷರಕ್ಕೆ ಸೇರಿದವು. ಅಷ್ಟೇ. ಅವಳು ಐತಪ್ಪನನ್ನು ನೋಡಿದಳು. ಐತಪ್ಪನೂ ಉತ್ತರಕ್ಕೆ ಕಾಯುತ್ತಿದ್ದ. ಅದೇ ಬಾಗಿಲು, ಅದೇ ಮನುಷ್ಯ. ಅವನ ಎದುರು ಇನ್ನೊಮ್ಮೆ ಇಲ್ಲ ಎನ್ನಬೇಕಿತ್ತು.

“ಅಮ್ಮಾ? ಲೈನಲ್ಲಿದೀರಾ?”

ಅಪ್ಪಾಜಿ ಪರದೆ ಹಿಡಿದ ಅವಳ ಮುಷ್ಟಿಯನ್ನು ನೋಡಿದ. ಯಾರೂ ಅವನಿಗೆ ಏನನ್ನೂ ಹೇಳಬೇಕಾಗಲಿಲ್ಲ. ಮೆಲ್ಲಗೆ ಅವಳ ಕೈಯಿಂದ ಫೋನು ತೆಗೆದುಕೊಂಡ.

“ಪ್ರಮೋದ್, ಮುರಳೀಧರ ಇದ್ದಾರೆ.”

“ಸಾರ್? ಹಾಗಂದ್ರೆ ಹಳೇ ಖಾತೆಯೇ ನಿಮ್ಮದು ಅಂತಾಗತ್ತೆ. ನಿಮ್ಮ ನಂಬರ್ ಹೋಗತ್ತೆ. ಅವ್ರು ಬರ್ದಿದ್ದಕ್ಕೆಲ್ಲ ನೀವೇ ಜವಾಬ್ದಾರಿ. ಮತ್ತೆ ತೆಗೆಯಕ್ಕಾಗಲ್ಲ ಸಾರ್.”

“ಗೊತ್ತು. ಮುಚ್ಚಬೇಡಿ.”

ಫೋನಿಟ್ಟು ಅವನು ಕುರ್ಚಿಯನ್ನು ಐತಪ್ಪನ ಕಡೆಗೆ ತಿರುಗಿಸಿದ.

“ಇದ್ದೆ,” ಎಂದ. “ಒಳಗೇ ಇದ್ದೆ. ಊಟ ಮಾಡ್ತಿದ್ದೆ.”

ಐತಪ್ಪ ನಿಧಾನವಾಗಿ ಕೂತ. ಪ್ರೇಮಮ್ಮ ಪರದೆ ಬಿಟ್ಟು ರೋಗಿಗಳ ಬೆಂಚಿನ ತುದಿಯಲ್ಲಿ, ತನ್ನ ಸರದಿಗೆ ಕಾಯುವವಳ ಹಾಗೆ, ಕೂತುಕೊಂಡಳು.

ತೆರೆಯ ಮೇಲೆ ಅನುವಿನ ವಿವರ ತೆರೆದಿತ್ತು. ಜಾಲ ಅವಳ ವಯಸ್ಸನ್ನು ಇವತ್ತಿನವರೆಗೂ ಕೂಡಿಸುತ್ತಾ ಬಂದಿತ್ತು. ಅಪ್ಪಾಜಿ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡ.

“ಜ್ವರ ಯಾವಾಗಿಂದ?”

ಐತಪ್ಪ ತನ್ನ ಖಾಲಿ ಮಡಿಲನ್ನು ನೋಡಿಕೊಂಡ. ಎರಡೂ ತೋಳುಗಳನ್ನು ಅದರ ಸುತ್ತ ತಂದು, ಭಾರ ಸರಿಮಾಡಿಕೊಂಡ.

“ನಿನ್ನೆ ಸಂಜೆಯಿಂದ, ಡಾಕ್ಟ್ರೆ,” ಎಂದ.