ಓಕರಿಕೆ ನಿಂತ ಮೇಲೆ

ಮೂರು ದಿನದಿಂದ ಬಸುರಿ ಸೊಸೆಗೆ ವಾಂತಿಯಿಲ್ಲ. ಅತ್ತೆ ಹಿಗ್ಗಿ ಹೀರೇಕಾಯಿಯಾಗಿದ್ದರು.

"ನೋಡಿದ್ಯಾ ನನ್ನ ಶುಂಠಿ ಕಷಾಯಾನ? ಡಾಕ್ಟರ ಮಾತ್ರೆ ಇದರ ಮುಂದೆ ಯಾವ ಮೂಲೆಗೆ?" ಎಂದು ಲೋಟ ಮುಂದೆ ಹಿಡಿದರು.

"ನಿಮ್ಮ ಕೈಗುಣ ಅತ್ತೆ," ಎಂದು ಸೊಸೆ ಗಟಗಟನೆ ಕುಡಿದಳು. ಹೋದ ಸಲವೂ ಮೂರನೆಯ ತಿಂಗಳಲ್ಲಿ ವಾಂತಿ ಹೀಗೇ ತಟ್ಟನೆ ನಿಂತಿತ್ತು. ವಾರದೊಳಗೆ ಮಗು ಹೋಗಿತ್ತು. ಆಗ ಅತ್ತೆಯೂ ಜೊತೆಗಿರಲಿಲ್ಲ, ಕಷಾಯವೂ ಇರಲಿಲ್ಲ. ಅತ್ತೆಯ ಅರಳಿದ ಮುಖ ನೋಡಿ ಇದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ತಾನು ಕೆಲಸ ಮಾಡುವ ಮುದ್ರಣಾಲಯಕ್ಕೆ ಹೋದವಳೇ ಶಾಯಿಯ ಡಬ್ಬ ತೆರೆದಳು. ಹೋದ ವಾರ ಇದರ ವಾಸನೆಗೇ ಕರುಳು ಕಿತ್ತು ಬರುತ್ತಿತ್ತು. ಮೂಗು ತಾಗುವಷ್ಟು ಬಾಗಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಹೊಟ್ಟೆ ತೊಳಸಲಿಲ್ಲ.